ಮನೆಗಡಲಿಗೆ ಸಿಹಿನೀರು

ನನ್ನ ಕಥೆಯನ್ನು ನಮ್ಮೂರಿನಲ್ಲಿ ಯಾರೇ ಹೇಳಲಿ, ಕೊನೆಯಿಂದಲೇ ಶುರುಮಾಡುತ್ತಾರೆ. ಮೊದಲಿನದು ಅವರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತದೆ. ನನಗೆ ಆ ಕಷ್ಟವಿಲ್ಲ. ನಾನು ಮೊದಲಿನಿಂದಲೇ ಹೇಳುತ್ತೇನೆ, ಸಿಟ್ಟಿನಿಂದಲೇ ಹೇಳುತ್ತೇನೆ. ಸಿಟ್ಟು ಇಳಿದ ಮೇಲೆ ಹೇಳು ಜಟ್ಟಕ್ಕ ಎಂದವರೂ ಇದ್ದಾರೆ. ಅವರು ಇನ್ನೂ ಕಾಯುತ್ತಿದ್ದಾರೆ, ಕಾಯಲಿ.

ಕಡಲು ನಮ್ಮೂರನ್ನು ಬಿಟ್ಟುಹೋದಾಗ ನನಗೆ ಆರು ವರ್ಷ. ಹೋಗುವಾಗ ಮನೆಗೊಂದು ಪಾಲು ಬಿಟ್ಟುಹೋಯಿತು. ಅಂದಿನಿಂದ ಪ್ರತಿ ಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಉಪ್ಪುನೀರು, ಕಲ್ಲು, ಕಲ್ಲಿನ ಮೇಲೆ ಜೀವಂತ ಹವಳ, ಒಂದೆರಡು ಮೀನು. ಅದನ್ನು ಮನೆಗಡಲು ಎನ್ನುತ್ತೇವೆ. ನೋಡಿಕೊಳ್ಳುವವಳು ಮನೆಯ ಹೆಂಗಸು. ಹವಳ ಅರಳಿ ನಿಂತರೆ ಅದು ಮನೆತನದ ಪುಣ್ಯ, ಸತ್ತರೆ ಹೆಂಗಸಿನ ಪಾಪ. ಪಾಪ ಮಾಡಿದವಳು ಊರೊಳಗೆ ಇರುವಂತಿಲ್ಲ. ಊರಾಚೆ ನೀರಿಲ್ಲದ ಹಳೆಯ ದಕ್ಕೆಯಲ್ಲಿ, ಮರಳಿನ ಮೇಲೆ ಕೂತೇ ಬಿಟ್ಟ ಮೀನುಗಾರಿಕೆ ದೋಣಿಗಳಿವೆ. ಒಬ್ಬೊಬ್ಬಳಿಗೆ ಒಂದೊಂದು ದೋಣಿ. ಅದಕ್ಕೆ ಒಣದಕ್ಕೆ ಎಂದು ಹೆಸರು. ನಾನು ಅಲ್ಲಿಗೆ ಹೋದಾಗ ಹತ್ತು ಮಂದಿ ಇದ್ದರು. ಹನ್ನೊಂದನೆಯವಳು ನಾನು.

ನಾನು ಹುಟ್ಟಿದ್ದು ಆಗರದಲ್ಲಿ. ಕಡಲ ನೀರನ್ನು ಗದ್ದೆಯ ಹಾಗೆ ಬದು ಕಟ್ಟಿ ನಿಲ್ಲಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ಮಾಡುವ ಜಾಗ ಅದು. ಅಪ್ಪ ಆಗರದಲ್ಲೇ ದುಡಿದು ಆಗರದಲ್ಲೇ ಸತ್ತ. ಊರೊಳಗಿನ ಹಮ್ಮಣ್ಣನಿಗೆ ನನ್ನನ್ನು ಕೊಟ್ಟಾಗ ಅತ್ತೆ ಗಿರಿಯಮ್ಮ ಹೊಸ್ತಿಲಲ್ಲೇ ನಿಲ್ಲಿಸಿ ಹೇಳಿದ ಮೊದಲ ಮಾತು, "ಈ ಮನೆಯಲ್ಲಿ ಆಗರದ ಸುದ್ದಿ ಬೇಡ. ಉಪ್ಪು ಕೆರೆಯುವವರ ಬುದ್ಧಿ ಇಲ್ಲಿ ತೋರಿಸ್ಲಿಕ್ಕಿಲ್ಲ." ಎರಡನೆಯ ಮಾತು ಮನೆಗಡಲಿನ ಬಗ್ಗೆ. ಬಿಸಿಲಿಗೆ, ಗಾಳಿಗೆ ಪೆಟ್ಟಿಗೆಯ ನೀರು ದಿನಾ ಒಂದಿಷ್ಟು ಇಳಿಯುತ್ತದೆ. ಇಳಿದಷ್ಟನ್ನು ಕಡಲಕೊಳದ ನೀರಿನಿಂದ ತುಂಬಬೇಕು. ಕಡಲಕೊಳವೆಂದರೆ ಕಡಲು ಹೋಗುವಾಗ ಬಂಡೆಗಳ ನಡುವೆ ಬಿಟ್ಟುಹೋದ ಕೊನೆಯ ಮಡು. ಅದರ ಬೀಗದ ಕೈ ದೊಡ್ಡಮನೆಯಲ್ಲಿರುತ್ತದೆ. ವಾರಕ್ಕೆ ಮನೆಗೊಂದು ಕೊಡಪಾನ ನೀರು ಅಲ್ಲಿಂದ. ಮಳೆನೀರು ಬೀಳಬಾರದೆಂದು ಅದಕ್ಕೆ ತಗಡಿನ ಮಾಡು ಹೊದಿಸಿದ್ದಾರೆ. ಸಿಹಿನೀರು ಕಡಲಿಗೆ ಸೋಕಿದರೆ ಮೈಲಿಗೆ. ಕೈ ತೊಳೆದು ಒರೆಸಿಕೊಳ್ಳದೆ ಗಾಜು ಮುಟ್ಟಿದ್ದಕ್ಕೆ ಅತ್ತೆ ಒಮ್ಮೆ ನನ್ನ ಬೆರಳ ಗೆಣ್ಣಿಗೆ ಸೌಟಿನಿಂದ ಹೊಡೆದಿದ್ದರು.

ಹತ್ತು ವರ್ಷ ನಾನು ಉಪ್ಪುನೀರಿಗೆ ಉಪ್ಪುನೀರು ಸುರಿದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಇದು ಆಗರದ ತೊಟ್ಟಿಲು ಕೂಸಿಗೂ ಗೊತ್ತು. ಅಪ್ಪನ ಬಾಳೆಲ್ಲ ನಡೆದದ್ದೇ ಈ ಒಂದು ಮಾತಿನ ಮೇಲೆ. ಹಾಗಾದರೆ ಇಳಿದ ಜಾಗಕ್ಕೆ ಮತ್ತೆ ಉಪ್ಪನ್ನೇ ಹಾಕಿದರೆ ಏನಾಗುತ್ತದೆ ಎಂದು ನನಗೆ ಹೊಳೆಯಲಿಲ್ಲವೇ? ಹೊಳೆದಿತ್ತು. ಹೊಳೆದದ್ದನ್ನು ಬಾಯಿಬಿಟ್ಟರೆ ಆಗರದವಳ ಬುದ್ಧಿ ಎನ್ನುತ್ತಾರೆಂದು ನುಂಗಿಕೊಂಡೆ. ಊರ ಮೇಲಿನ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಹತ್ತನೆಯ ವರ್ಷ ಹವಳಗಳು ಮುದುಡಿದವು, ಆಮೇಲೆ ಬೆಳ್ಳಗಾದವು. ಮೀನು ಒಂದು ಬೆಳಿಗ್ಗೆ ಮಗ್ಗುಲು ಮಲಗಿ ತೇಲುತ್ತಿತ್ತು. ಊರಿನ ಮುಖ್ಯಸ್ಥ, ಗುರಿಕಾರ ಅಣ್ಣಪ್ಪಯ್ಯ, ಅವನ ಹಿಂದೆ ಹತ್ತು ಸಮಸ್ತರು, ಎಲ್ಲರ ಮುಂದೆ ಅವನ ತಾಯಿ, ದೊಡ್ಡಮನೆಯ ಸುಭದ್ರಮ್ಮ ಬಂದರು. ಯಾರ ಮನೆಗಡಲು ಬದುಕಿದೆ, ಯಾರದು ಸತ್ತಿದೆ ಎಂದು ಹೇಳುವ ಹಕ್ಕು ಸುಭದ್ರಮ್ಮನದು. ಊರಿನಲ್ಲಿ ಕಡಲು ಹೋದ ದಿನದಿಂದ ಒಮ್ಮೆಯೂ ಸಾಯದ ಮನೆಗಡಲು ಅವರೊಬ್ಬರದೇ. ಅವರು ಗಾಜಿಗೆ ಹಣೆ ತಾಗಿಸಿ ನೋಡಿದರು. "ಸತ್ತಿದೆ" ಎಂದರು. ಪಾಪ ಎನ್ನುವ ಹಾಗೆ ನನ್ನ ತಲೆ ಸವರಿದರು ಕೂಡ. ಆ ಸವರಿದ ಕೈ ನೆನಪಾದಾಗಲೆಲ್ಲ ಇಂದಿಗೂ ನನ್ನ ನೆತ್ತಿ ಉರಿಯುತ್ತದೆ.

"ಉಪ್ಪು ತಿಂದವಳು ನೀರು ಕುಡಿಯಲೇಬೇಕಲ್ಲ" ಎಂದರು ಅತ್ತೆ. ನನ್ನ ತಗಡಿನ ಟ್ರಂಕು ಅಂಗಳಕ್ಕೆ ಬಿತ್ತು. ಹಮ್ಮಣ್ಣ ಕಂಬ ಹಿಡಿದುಕೊಂಡು ನಿಂತಿದ್ದ. ಆ ಕಂಬವಾದರೂ ಏನಾದರೂ ಅಂದೀತು, ಅವನು ಅನ್ನಲಿಲ್ಲ. ನಮ್ಮ ಮಗಳು ತುಳಸುವಿಗೆ ಆಗ ಎಂಟು ತುಂಬಿತ್ತು. ಅವಳನ್ನು ಒಳಕೋಣೆಗೆ ಹಾಕಿ ಚಿಲಕ ಹಾಕಿದ್ದರು. ಪದ್ಧತಿಯ ಪ್ರಕಾರ ಸತ್ತ ಕಡಲಿನ ನೀರನ್ನೇ ಒಂದು ಕೊಡದಲ್ಲಿ ತುಂಬಿ ನನ್ನ ಸೊಂಟದ ಮೇಲಿಟ್ಟರು. ಊರ ನಡುಬೀದಿಯಲ್ಲಿ ಆ ನಾರುವ ನೀರನ್ನು ಹೊತ್ತುಕೊಂಡು ಒಣದಕ್ಕೆಗೆ ನಡೆದೆ.

ದಕ್ಕೆಯ ಮೆಟ್ಟಿಲ ಬಳಿ ಗುರಿಕಾರ ಕಟ್ಟಳೆ ಓದಿದ. ಒಂದು ವರ್ಷದೊಳಗೆ, ಊರಿನವರ ಕೈ ಸೋಕದೆ, ನಾನೊಬ್ಬಳೇ ಹೊಸ ಕಡಲೊಂದನ್ನು ಕಟ್ಟಿ ಬದುಕಿಸಿ ತೋರಿಸಿದರೆ ವಾಪಸು ಸೇರಿಸಿಕೊಳ್ಳುತ್ತಾರೆ. ಇಲ್ಲವಾದರೆ ಹಮ್ಮಣ್ಣನಿಗೆ ಬೇರೆ ಮದುವೆ, ತುಳಸು ಬರುವವಳನ್ನು ಅಮ್ಮ ಎನ್ನಬೇಕು, ನನ್ನ ಹೆಸರೆತ್ತಬಾರದು. ತುಳಸುವಿಗೆ ಹತ್ತು ತುಂಬಿದ ಮೇಲೆ ಆ ಮನೆಯ ಕಡಲಿಗೆ ನೀರು ಹಾಕುವ ಕೊಡ ಅವಳ ಕೈಗೇ ಬರುತ್ತದೆ.

"ಇಲ್ಲಿವರೆಗೆ ಯಾರಾದ್ರೂ ತೋರಿಸಿ ಒಳಗೆ ಹೋದದ್ದುಂಟಾ?" ಎಂದು ಪಕ್ಕದ ದೋಣಿಯ ಭಾಗಿಯಕ್ಕನನ್ನು ಕೇಳಿದೆ. ಅವಳು ಅಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾಳೆ. ದೋಣಿಯ ಅಂಚಿಗೆ ಹಪ್ಪಳ ಒಣಗಿಸುತ್ತಿದ್ದಳು.

"ಒಬ್ಬಳೂ ಇಲ್ಲ. ನಾನೂ ಒಂದು ಕಟ್ಟಿದ್ದೆ ಮಾರಾಯ್ತಿ. ಗೋಗರೆದು ಕೊಳದ ನೀರು ತರಿಸಿ ತರಿಸಿ ತುಂಬಿಸಿದ್ದು. ಏಳೆಂಟು ತಿಂಗಳು ಇತ್ತು, ಆಮೇಲೆ ಹೋಯ್ತು. ನನ್ನ ಕೈಗುಣವೇ ಸರಿ ಇಲ್ಲ ಅಂತ ಕಾಣ್ತದೆ."

ಟ್ರಂಕು ಬಿಚ್ಚಿದಾಗ ಸೀರೆಗಳ ಅಡಿಯಲ್ಲಿ ಅಪ್ಪನ ತೇಲುಕೋಲು ಸಿಕ್ಕಿತು. ಗೇಣುದ್ದದ ತೆಳು ಜೊಂಡು, ತುದಿಗೆ ಮೇಣದಲ್ಲಿ ಕೂರಿಸಿದ ಸೀಸದ ಗುಂಡು. ನೀರಿಗೆ ಬಿಟ್ಟರೆ ನೆಟ್ಟಗೆ ನಿಂತು ತೇಲುತ್ತದೆ. ಉಪ್ಪು ಹೆಚ್ಚಿದ್ದಷ್ಟೂ ಮೇಲೆ ಏಳುತ್ತದೆ, ಕಡಿಮೆಯಾದಷ್ಟೂ ಮುಳುಗುತ್ತದೆ. ಜೊಂಡಿನ ಮೇಲೆ ಅಪ್ಪ ಚಾಕುವಿನಿಂದ ಒಂದು ಗೆರೆ ಕೊರೆದಿದ್ದ. ಕಡಲು ಇದ್ದ ಕಾಲದಲ್ಲಿ, ಕಡಲಿನಲ್ಲೇ ನಿಂತು ಕೊರೆದ ಗೆರೆ. ನಿಜವಾದ ಕಡಲಿನ ಉಪ್ಪು ಎಷ್ಟು ಎಂದು ಹೇಳಲು ಊರಿನಲ್ಲಿ ಉಳಿದಿದ್ದ ಒಂದೇ ಸಾಕ್ಷಿ ಅದು. ನನ್ನ ಸೊಂಟದ ಮೇಲೆ ಹೊರಿಸಿದ್ದ ಆ ಸತ್ತ ನೀರಿಗೆ ಕೋಲನ್ನು ಬಿಟ್ಟೆ. ಗೆರೆ ನೀರಿಗಿಂತ ಒಂದೂವರೆ ಬೆರಳು ಮೇಲೆ ನಿಂತಿತು. ನಾನು ಸಾಕಿದ್ದು ಕಡಲನ್ನಲ್ಲ, ಮೀನು ಹವಳಗಳ ಉಪ್ಪಿನಕಾಯಿಯನ್ನು.

ಅಲ್ಲೇ ಮರಳಿನ ಮೇಲೆ ಕೂತು ಅತ್ತುಬಿಟ್ಟೆ. ಮರುದಿನದಿಂದ ಅಳಲಿಲ್ಲ, ಕೆಲಸ ಹಿಡಿದೆ.

ಕೈಯಲ್ಲಿ ಕಾಸಿಲ್ಲದವಳು ಕಡಲು ಕಟ್ಟುವುದು ಹೇಗೆ ಎಂದು ಯಾರಾದರೂ ಕೇಳಿದರೆ ಹೇಳುತ್ತೇನೆ, ನಾಚಿಕೆ ಬಿಟ್ಟು. ಬಾಗಿಲು ಹಾಕಿದ ಬೇಕರಿಯೊಂದರ ಗಾಜಿನ ಕಪಾಟು ಗುಜರಿ ಅಂಗಡಿಯ ಹಿಂದೆ ಬಿದ್ದಿತ್ತು. ಇನ್ನೂ ಬನ್ನಿನ ವಾಸನೆ ಹೊಡೆಯುತ್ತಿತ್ತು. ಕಿವಿಯ ವಾಲೆ ಕೊಟ್ಟು ಅದನ್ನೂ, ಕೆಟ್ಟ ಏರ್ ಕೂಲರಿನ ನೀರೆತ್ತುವ ಪುಟ್ಟ ಮೋಟರನ್ನೂ ತಂದೆ. ಗುಜರಿಯವನು ನಮ್ಮೂರಿನವನಲ್ಲ, ಅವನ ಕೈ ಸೋಕಿದರೆ ಕಟ್ಟಳೆ ಮುರಿಯುವುದಿಲ್ಲ. ಗಾಜನ್ನು ಬಿಡಿಸಿ, ಮೊಣಕೈ ಉದ್ದದ ಪೆಟ್ಟಿಗೆ ಮಾಡಿ ಸಿಲಿಕಾನ್ ಅಂಟು ಹಚ್ಚಿದೆ. ಮೊದಲ ಸಲ ನೀರು ತುಂಬಿದಾಗ ಒಂದು ಮೂಲೆಯಿಂದ ಸೋರಿತು. ಬಿಚ್ಚಿ, ಒಣಗಿಸಿ, ಹಳೆಯ ಅಂಟನ್ನು ಬ್ಲೇಡಿನಿಂದ ಕೆರೆದು ಮತ್ತೆ ಹಚ್ಚಿದೆ. ಎರಡನೆಯ ಸಲವೂ ಸೋರಿತು. ಆ ಗಾಜಿಗೆ ನಾನು ಬೈದ ಬೈಗುಳ ಕೇಳಿ ಭಾಗಿಯಕ್ಕ ಕಿವಿ ಮುಚ್ಚಿಕೊಂಡಳು. ಮೂರನೆಯ ಸಲ ನಿಂತಿತು.

ಕಲ್ಲಿಗೆ ಬರವಿರಲಿಲ್ಲ. ಸತ್ತ ಮನೆಗಡಲುಗಳ ಕಲ್ಲುಗಳನ್ನೆಲ್ಲ ಊರಿನವರು ಒಣದಕ್ಕೆಗೇ ತಂದು ಸುರಿಯುತ್ತಾರೆ. ಅದರಲ್ಲಿ ತೂತು ತೂತಾಗಿ ಹಗುರವಾಗಿರುವುದನ್ನೇ ಆರಿಸಿದೆ. ಆ ತೂತುಗಳಲ್ಲೇ ನೀರನ್ನು ಶುದ್ಧಮಾಡುವ ಕಣ್ಣಿಗೆ ಕಾಣದ ಜೀವ ಮನೆಮಾಡುವುದು. ಕೊಳದ ನೀರು ಕೇಳಲಿಲ್ಲ. ಅಪ್ಪನ ಪಾಳುಬಿದ್ದ ಆಗರಕ್ಕೆ ನಡೆದುಹೋಗಿ ಮೂಲೆಯ ಉಪ್ಪಿನ ಪಾತಿಗಳಲ್ಲಿ ಗಟ್ಟಿಯಾಗಿದ್ದ ಬೂದು ಉಪ್ಪನ್ನು ಕೆರೆದು ತಂದೆ. ಬಿಳಿ ಉಪ್ಪು ಅಡುಗೆಗೆ, ಬೂದು ಉಪ್ಪಿನಲ್ಲಿ ಕಡಲಿನದೆಲ್ಲ ಇರುತ್ತದೆ ಎಂದು ಅಪ್ಪ ಹೇಳುತ್ತಿದ್ದ. ದಕ್ಕೆಯ ಸಿಹಿಬಾವಿಯ ನೀರಿಗೆ ಅದನ್ನು ಕದಡಿ, ಬಟ್ಟೆಯಲ್ಲಿ ಸೋಸಿ, ಕೋಲಿನ ಗೆರೆ ನೀರಿಗೆ ಸರಿಯಾಗಿ ಬರುವವರೆಗೆ ನೀರು ಸೇರಿಸಿದೆ. ದಕ್ಕೆಯ ದೀಪದ ಕಂಬದಿಂದ ವಯರು ಎಳೆದು ಮೋಟರಿಗೂ ಎರಡು ಬಿಳಿ ಎಲ್ಇಡಿ ಬಲ್ಬಿಗೂ ಕೊಟ್ಟೆ. ಕದ್ದದ್ದೇ. ಊರು ನನ್ನಿಂದ ಕದ್ದದ್ದಕ್ಕೆ ಹೋಲಿಸಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಬೇಕಾದದ್ದು ಬೀಜಗಲ್ಲು. ಸತ್ತ ಕಲ್ಲಿನ ನಡುವೆ ಒಂದಾದರೂ ಜೀವಂತ ಕಲ್ಲು ಇದ್ದರೆ ಮಾತ್ರ ಜೀವ ಹರಡುತ್ತದೆ. ಹೊಸ ಕಡಲು ಕಟ್ಟುವವಳಿಗೆ ದೊಡ್ಡಮನೆಯಿಂದ ಒಂದು ಬೀಜಗಲ್ಲು ಕೊಡುವುದು ಪದ್ಧತಿ. ಕೊಳದ ನೀರು ಬಿಟ್ಟರೆ ಕಟ್ಟಳೆಯಲ್ಲಿ ಊರಿನಿಂದ ಬರುವುದು ಅದೊಂದೇ. ಒಂದು ಮಧ್ಯಾಹ್ನ, ಊರಿನವರು ದೂರ ಸರಿಯಲೆಂದು ಮುಂದೆ ಗಂಟೆ ಬಾರಿಸುವವನ ಜೊತೆ, ನನ್ನನ್ನು ಅಲ್ಲಿಗೆ ಕರೆದೊಯ್ದರು.

ದೊಡ್ಡಮನೆಯ ಕಡಲು ಒಂದು ಮಂಚದಷ್ಟು ಉದ್ದ. ಒಳಗೆ ಹವಳಗಳು ತೋಟದ ಹಾಗೆ ತುಂಬಿದ್ದವು. ನಾನು ಕೈಮುಗಿದು ನಿಂತೆ. ಸುಭದ್ರಮ್ಮ ನೆಲ್ಲಿಕಾಯಿ ಗಾತ್ರದ ಒಂದು ಕಲ್ಲನ್ನು ಎತ್ತಿ ನನ್ನ ಡಬ್ಬಿಗೆ ಹಾಕಿದರು. ಅದರ ಮೇಲೆ ನಾಲ್ಕು ಗುಂಡಿಹವಳ, ಅಂಗಿಯ ಗುಂಡಿಯಷ್ಟು ದೊಡ್ಡವು. "ಜೋಪಾನ ಮಗಳೇ" ಎಂದರು.

ಆಗ ನನ್ನ ಕಣ್ಣು ಪೆಟ್ಟಿಗೆಯ ಪಕ್ಕದ ಮಣೆಯ ಮೇಲಿದ್ದ ತಾಮ್ರದ ಚೆಂಬಿನ ಮೇಲೆ ಬಿತ್ತು. ಕಡಲಿಗೆ ನೀರು ಹಾಕುವ ಚೆಂಬು. ಪ್ರತಿ ಮನೆಯಲ್ಲೂ ಆ ಚೆಂಬಿನ ಬಾಯಿಗೆ ಬೆಳ್ಳಗೆ ಉಪ್ಪಿನ ಪೊರೆ ಕಟ್ಟಿರುತ್ತದೆ, ಎಷ್ಟು ತಿಕ್ಕಿದರೂ ಅಂಚಿನಲ್ಲಿ ಹಸಿರು ಕಿಲುಬು ಉಳಿಯುತ್ತದೆ. ನಮ್ಮ ಮನೆಯ ಚೆಂಬಿನ ಪೊರೆ ನನ್ನ ಉಗುರನ್ನೇ ತಿಂದಿತ್ತು. ಈ ಚೆಂಬು ಕುಡಿಯುವ ನೀರಿನ ಚೆಂಬಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಬಾಯಿಯ ಸುತ್ತ ಒಂದು ಕಾಳು ಉಪ್ಪಿರಲಿಲ್ಲ. ಆಗರದವಳ ಕಣ್ಣು ಬೇರೆ ಯಾವುದರಲ್ಲಿ ಮೋಸ ಹೋದರೂ ಉಪ್ಪಿನಲ್ಲಿ ಹೋಗುವುದಿಲ್ಲ.

ಈ ಮುದುಕಿಗೆ ಗೊತ್ತು. ಇಷ್ಟು ವರ್ಷವೂ ಗೊತ್ತಿತ್ತು. ಗೊತ್ತಿದ್ದುಕೊಂಡೇ ಒಬ್ಬೊಬ್ಬಳ ಗಾಜಿಗೂ ಹಣೆ ತಾಗಿಸಿ "ಸತ್ತಿದೆ" ಎಂದು ಹೇಳಿದಳು, ತಲೆ ಸವರಿದಳು. ಅಂಗಾಲಿನಿಂದ ಹೊರಟ ಉರಿ ನೆತ್ತಿಗೆ ಮುಟ್ಟಿತು. ಅವರು ನನ್ನ ಕಣ್ಣು ಹೋದ ಕಡೆ ನೋಡಿದರು, ಸೆರಗನ್ನು ಚೆಂಬಿನ ಮೇಲೆ ಎಳೆದರು. ನನ್ನ ಮಗಳು ಅವರ ಕಟ್ಟಳೆಯ ಆಚೆ ಇದ್ದಳು, ಹಾಗಾಗಿ ನಾಲಿಗೆ ಕಚ್ಚಿಕೊಂಡು ಬಂದೆ.

ಬೀಜಗಲ್ಲನ್ನು ಒಂದು ಬಕೆಟ್ಟಿನಲ್ಲಿ ಬೇರೆ ಇಟ್ಟು, ಪೆಟ್ಟಿಗೆಗೆ ಒಂದು ಸಿಗಡಿಯನ್ನು ಕೊಳೆಯಲು ಬಿಟ್ಟೆ. ಹೊಸ ಕಡಲು ಮೊದಲು ನಾರಬೇಕು. ನಾತವನ್ನು ತಿನ್ನುವ ಜೀವ ಹುಟ್ಟಿ ಅದು ಆರಿದ ಮೇಲೆಯೇ ಉಳಿದ ಜೀವಕ್ಕೆ ಅಲ್ಲಿ ಜಾಗ. ಎರಡು ವಾರ ದೋಣಿಯ ಹತ್ತಿರ ಯಾರೂ ಸುಳಿಯಲಿಲ್ಲ. ಕಲ್ಲಿನ ಮೇಲೆ ಕಂದು ಪಾಚಿ ಬಂತು, ಆಮೇಲೆ ಹಸಿರು ಕೂದಲಿನಂಥ ಪಾಚಿ. ದಕ್ಕೆಯ ಮೆಟ್ಟಿಲ ಮೇಲೆ ನಿಂತು ಊರಿನವರು ಮೂಗು ಮುಚ್ಚಿಕೊಂಡು ನಕ್ಕರು. ಐದನೆಯ ವಾರ ನಾತ ಹೋಯಿತು, ನೀರು ಕಣ್ಣೀರಿನಷ್ಟು ತಿಳಿಯಾಯಿತು. ಆಗ ಬೀಜಗಲ್ಲನ್ನು ಇಳಿಸಿದೆ. ಪಾಚಿ ಮೇಯಲು ಕೊಳದ ಬಂಡೆಯಾಚೆಯ ಉಪ್ಪುಕೊಚ್ಚೆಯಿಂದ ಏಳು ಬಸವನಹುಳು ತಂದು ಬಿಟ್ಟೆ. ಗಾಜಿನ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದೆ. ಬೆಳಿಗ್ಗೆ ನೀರು ಗೆರೆಗಿಂತ ಎಷ್ಟು ಇಳಿದಿದೆಯೋ ಅಷ್ಟು ಸಿಹಿಬಾವಿಯ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದೆ.

ಭಾಗಿಯಕ್ಕ ಅದನ್ನು ಕಂಡದ್ದು ಮೂರನೆಯ ದಿನ. "ಅಯ್ಯೋ, ಅದು ಕುಡಿಯುವ ನೀರಲ್ವಾ! ಎಂತ ಮಾಡ್ತಾ ಇದ್ದಿ ನೀನು?" ಎಂದು ಕೈ ಹಿಡಿದುಕೊಂಡಳು. ಅವಳನ್ನು ಕೂರಿಸಿ ತೇಲುಕೋಲು ತೋರಿಸಿದೆ. ಎರಡು ಲೋಟ ಇಟ್ಟೆ, ಒಂದರಲ್ಲಿ ಬಿಸಿಲಿಗೆ ಇಳಿದ ಉಪ್ಪುನೀರಿಗೆ ಮತ್ತೆ ಉಪ್ಪುನೀರು, ಇನ್ನೊಂದರಲ್ಲಿ ಅದಕ್ಕೇ ಸಿಹಿನೀರು. ಒಂದರಲ್ಲಿ ಗೆರೆ ಮೇಲೆ ಎದ್ದಿತು, ಇನ್ನೊಂದರಲ್ಲಿ ಸರಿಯಾಗಿ ನಿಂತಿತು. ಚೆಂಬಿನ ವಿಷಯವನ್ನೂ ಹೇಳಿದೆ. ಅವಳು ಎರಡೂ ಲೋಟದ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದಳು.

"ನನ್ನ ಮಗ ಈಗ ಯಾರನ್ನೋ ಅಮ್ಮ ಅಂತಾನೆ" ಎಂದಳು. "ಎದುರಿಗೆ ಸಿಕ್ಕಿದ್ರೆ ಗುರ್ತ ಸಿಕ್ಕುದಿಲ್ಲ ಅವನಿಗೆ. ಒಂದು ಚೆಂಬು ನೀರಾ ಜಟ್ಟಿ? ಬರೇ ಒಂದು ಚೆಂಬು ನೀರಾ?"

ಎದ್ದು ಹೋಗಿ ಹಪ್ಪಳದ ಹಲಗೆಯನ್ನು ಅವಳು ಒದ್ದ ಸದ್ದು ದಕ್ಕೆಯ ಆ ತುದಿಗೂ ಕೇಳಿಸಿತು.

ನಾಲ್ಕು ಗುಂಡಿಹವಳ ಒಂಬತ್ತಾದವು. ಬೆಳಕು ಹಾಕಿದರೆ ಅಂಚಿನ ಕುಚ್ಚು ಬಿಚ್ಚಿ ಹಸಿರಾಗಿ ಅರಳುತ್ತಿದ್ದವು, ಆರಿಸಿದರೆ ಮುದುಡುತ್ತಿದ್ದವು. ಹನ್ನೊಂದನೆಯ ತಿಂಗಳಿಗೆ ಮೂವತ್ತಕ್ಕೂ ಹೆಚ್ಚಾಗಿ ಕಲ್ಲನ್ನೆಲ್ಲ ಹೊದ್ದುಕೊಂಡಿದ್ದವು. ತುಳಸು ಶಾಲೆ ಬಿಟ್ಟ ಮೇಲೆ ದಕ್ಕೆಯ ಮೇಲಿನ ಮೆಟ್ಟಿಲಿನವರೆಗೆ ಬಂದು ನಿಲ್ಲುತ್ತಿದ್ದಳು. ಅದಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ನಾನು ಕೆಳಗಿನಿಂದ ಬೆರಳು ಮಡಚಿ ಎಷ್ಟು ಅರಳಿದವು ಎಂದು ತೋರಿಸುತ್ತಿದ್ದೆ, ಅವಳು ಮೇಲಿನಿಂದ ಎಣಿಸುತ್ತಿದ್ದಳು.

ವರ್ಷ ತುಂಬಲು ಎಂಟು ದಿನ ಇರುವಾಗ ಸುಭದ್ರಮ್ಮ ಬಂದರು. ಉರಿಬಿಸಿಲು, ಕೊಡೆ ಹಿಡಿಯಲು ಆಳೂ ಇಲ್ಲ, ಒಬ್ಬರೇ. ದೋಣಿಯ ನೆರಳಿನಲ್ಲಿ ಕೂತು ನನ್ನ ಕಡಲನ್ನು ನೋಡಿದರು. ನಿಜ ಹೇಳಬೇಕು, ಅವರ ಮುಖ ಅರಳಿತು.

"ಚಂದ ಬಂದದೆ" ಎಂದರು. "ಆ ದಿನವೇ ಗೊತ್ತಾಯ್ತು ನಂಗೆ, ನೀನು ಚೆಂಬು ಕಂಡೆ ಅಂತ."

"ಯಾವಾಗಿಂದ ಗೊತ್ತುಂಟು ಅಮ್ಮ ನಿಮ್ಗೆ?"

"ಕಡಲು ಹೋಗಿ ಐದನೇ ವರ್ಷ. ನಮ್ಮದೂ ಸಾಯ್ತಾ ಇತ್ತು. ನನ್ನನ್ನೂ ಇಲ್ಲಿಗೇ ತಂದು ಹಾಕ್ತಿದ್ರು. ಹೆದರಿಕೆಯಲ್ಲಿ ತಲೆ ಕೆಟ್ಟು ಕೈಗೆ ಸಿಕ್ಕಿದ ಕುಡಿಯುವ ನೀರು ಸುರಿದೆ. ಒಟ್ಟಿಗೇ ಸಾಯ್ಲಿ ಅಂತ. ಅದು ಎದ್ದು ಕೂತಿತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೈಲಿಗೆ ಮಾಡಿದವಳು ಅಂತ ನನ್ನನ್ನೇ ಹೊರಗೆ ಹಾಕ್ತಿದ್ರು. ಆಮೇಲೆ ನಮ್ಮದೊಂದೇ ಉಳಿಯಿತು. ಜನ ಕೈಮುಗಿದ್ರು. ಮಗ ಗುರಿಕಾರ ಆದ. ಹೇಳ್ಲಿಕ್ಕೆ ಹೊತ್ತು ಮೀರಿ ಹೋಯ್ತು."

"ಹೆದರಿ ಬಾಯಿ ಮುಚ್ಚಿದ್ದು ಸರಿ, ನಾನೂ ಮುಚ್ಚಿದ್ದೆ. ಆದ್ರೆ ನೀವು ಮುಚ್ಚಿ ಸುಮ್ನೆ ಕೂರ್ಲಿಲ್ಲ. ನಮ್ಮ ಮನೆಗೆ ಬಂದು ತೀರ್ಪು ಹೇಳಿದ್ರಿ."

ಅವರು ಕಾಲಿನ ಬಳಿಯ ಮರಳನ್ನು ಬೆರಳಿನಿಂದ ಸರಿಮಾಡಿದರು. "ನಿನ್ನ ಕಡಲು ಬದುಕಿದೆ ಅಂತ ನಾನೇ ಹೇಳ್ತೇನೆ. ಮಗಳು ಸಿಕ್ತಾಳೆ, ಮನೆ ಸಿಕ್ತದೆ. ಬಾಯಿ ಬಿಡಬೇಡ, ಅಷ್ಟೇ. ನಿನ್ನ ಮಗಳಿಗೆ ನೀನೇ ಗುಟ್ಟಾಗಿ ಕಲಿಸು, ಅವಳ ಕಡಲೂ ಉಳೀತದೆ. ಹನ್ನೊಂದು ಮಂದಿ ಉದ್ಧಾರ ಮಾಡ್ಲಿಕ್ಕೆ ಹೋಗಿ ಇರುವ ಒಂದನ್ನು ಕಳಕೊಳ್ಬೇಡ."

ನಾನು ಆಗಲಿ ಎಂದೆ. ಹೌದು, ಎಂದೆ. ಬೇಕಾದರೆ ನನ್ನನ್ನು ಬೈಯಿರಿ. ಮೇಲಿನ ಮೆಟ್ಟಿಲಿನಲ್ಲಿ ನಿಲ್ಲುವ ಮಗಳಿಲ್ಲದವರು ಮಾತ್ರ ಬೈಯಿರಿ.

ವರ್ಷ ತುಂಬಿದ ದಿನ ಊರಿಗೆ ಊರೇ ದಕ್ಕೆಯ ಮೆಟ್ಟಿಲಿಗೆ ಬಂತು. ನನ್ನ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟರು. ಸುಭದ್ರಮ್ಮ ಗಾಜಿಗೆ ಹಣೆ ತಾಗಿಸಿ ನೋಡಿ, "ಬದುಕಿದೆ" ಎಂದರು. ಜನರ ನಡುವೆ ಗುಜುಗುಜು ಎದ್ದಿತು. ಹಮ್ಮಣ್ಣ ಈ ಸಲ ಕಂಬವಿಲ್ಲದ್ದರಿಂದ ತನ್ನ ಕೈಯನ್ನೇ ತಾನು ಹಿಡಿದುಕೊಂಡಿದ್ದ. ಇನ್ನು ಒಂದೇ ಶಾಸ್ತ್ರ ಬಾಕಿ. ಗೆದ್ದವಳ ಮಗು ಕಡಲಕೊಳದ ನೀರನ್ನು ತಂದು ಕೊಡಬೇಕು, ತಾಯಿ ಅದನ್ನು ಪೆಟ್ಟಿಗೆಗೆ ಸುರಿಯಬೇಕು.

ತುಳಸು ಕೊಡ ಹೊತ್ತು ಮೆಟ್ಟಿಲಿಳಿದು ಬಂದಳು. ಒಂದು ವರ್ಷದ ನಂತರ ಮೊದಲ ಸಲ ನನ್ನ ಕೈಗೆ ಸಿಗುವಷ್ಟು ಹತ್ತಿರ. ಎತ್ತರ ಆಗಿದ್ದಳು. ಕೊಡ ತೆಗೆದುಕೊಳ್ಳಲು ಬಗ್ಗಿದಾಗ ಅವಳ ಕೈ ಕಂಡಿತು. ಬೆರಳುಗಳ ಸಂದಿ ಬಿರಿದು ಬೆಳ್ಳಗಾಗಿತ್ತು, ಉಗುರಿನ ಬುಡ ತಿಂದುಹೋಗಿತ್ತು. ಹತ್ತು ತುಂಬುವುದಕ್ಕೂ ಅತ್ತೆ ಕಾದಿರಲಿಲ್ಲ. ಹೊಸದಾಗಿ ತಂದಿಟ್ಟ ಮನೆಗಡಲಿಗೆ ನೀರು ಸುರಿಯುವ ಕೆಲಸ ಆಗಲೇ ಇವಳಿಗೆ ಹೊರಿಸಿದ್ದರು.

"ಅಮ್ಮ, ಮನೇದು ಮೂರು ಹವಳ ಬೆಳ್ಳಗಾಯ್ತು" ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು. "ನಾನು ಸರಿ ಹಾಕ್ತಾ ಇದ್ದೇನೆ. ಆದ್ರೂ ಆಯ್ತು. ನನ್ನನ್ನೂ ಇಲ್ಲಿಗೆ ಕಳಿಸ್ತಾರಾ?"

ಅಷ್ಟೇ. ಮಾತು ಕೊಟ್ಟದ್ದು, ಆಗಲಿ ಎಂದದ್ದು, ಎಲ್ಲ ಅಲ್ಲಿಗೆ ಮುಗಿಯಿತು.

ಕೊಡವನ್ನು ಕೆಳಗಿಟ್ಟೆ. ಸೊಂಟದಿಂದ ಅಪ್ಪನ ಕೋಲನ್ನು ತೆಗೆದು ನನ್ನ ಪೆಟ್ಟಿಗೆಗೆ ಬಿಟ್ಟೆ. "ನೋಡಿ, ಗೆರೆ ನೀರಿಗೆ ಸರಿಯಾಗಿ ನಿಂತಿದೆ. ನಿಜವಾದ ಕಡಲಿನ ಗೆರೆ ಇದು" ಎಂದೆ. ಅದನ್ನೇ ಎತ್ತಿ ಕೊಳದ ನೀರಿನ ಕೊಡಕ್ಕೆ ಬಿಟ್ಟೆ. ಕೋಲು ಎರಡು ಬೆರಳು ಮೇಲಕ್ಕೆ ಜಿಗಿದು ನಿಂತಿತು. "ಮಾಡು ಹೊದಿಸಿ ಮಳೆ ತಪ್ಪಿಸಿದ ಕೊಳ ಇದು. ನೀರು ಹೋಗ್ತದೆ, ಉಪ್ಪು ಉಳೀತದೆ. ಅದನ್ನೇ ತಂದು ಮನೆ ಕಡಲಿಗೆ ಸುರೀತೀರಿ. ಹವಳ ಸಾಯದೆ ಇನ್ನೇನು ಮಾಡ್ತದೆ? ನಾವು ಹನ್ನೊಂದು ಮಂದಿ ಯಾವ ಪಾಪವೂ ಮಾಡ್ಲಿಲ್ಲ. ನೀವು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದು, ಅದೇ ತಪ್ಪು!"

ಭಾಗಿಯಕ್ಕ ಬಾವಿಯಿಂದ ಆಗಲೇ ಒಂದು ಚೆಂಬು ನೀರು ತಂದು ನಿಂತಿದ್ದಳು. ನಾನು ಹೇಳಿರಲಿಲ್ಲ. ಅದನ್ನು ಎಲ್ಲರ ಕಣ್ಣೆದುರಿಗೆ ಪೆಟ್ಟಿಗೆಗೆ ಹನಿಸಿದೆ. ಹೆಂಗಸರು ಅಯ್ಯಯ್ಯೋ ಎಂದು ಬಾಯಿಗೆ ಸೆರಗು ಹಿಡಿದರು. ಗುಂಡಿಹವಳಗಳು ಅರಳಿದ ಹಾಗೆಯೇ ನಿಂತಿದ್ದವು. ಒಂದೂ ಮುದುಡಲಿಲ್ಲ.

"ಮೈಲಿಗೆ!" ಎಂದು ಗುರಿಕಾರ ಕೂಗಿದ. "ಸಿಹಿನೀರು ಸೋಕಿದ ಕಡಲು ಲೆಕ್ಕಕ್ಕಿಲ್ಲ. ಇವಳು ಹೊರಗೇ ಇರ್ಲಿ."

"ಹಾಗಾದ್ರೆ ನಿಮ್ಮ ಮನೆ ಚೆಂಬು ತರಿಸಿ" ಎಂದೆ. "ಅದರ ಬಾಯಿಗೆ ಉಪ್ಪು ಯಾಕೆ ಕಟ್ಟುದಿಲ್ಲ ಅಂತ ನಿಮ್ಮ ಅಮ್ಮನ ಹತ್ರ ಕೇಳಿ."

ಎಲ್ಲರೂ ಸುಭದ್ರಮ್ಮನತ್ತ ತಿರುಗಿದರು. ಅವರು ನನ್ನ ಮುಖ ನೋಡಲಿಲ್ಲ. ಸೆರಗು ಹೊದ್ದುಕೊಂಡು ಮೆಟ್ಟಿಲು ಹತ್ತಿ ನಡೆದುಬಿಟ್ಟರು. ಅತ್ತೆ ತುಳಸುವಿನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಮಗು ಹಿಂದೆ ತಿರುಗಿ ತಿರುಗಿ ನೋಡುತ್ತಿತ್ತು. ಗೆದ್ದ ಕೈಯಲ್ಲೇ ನಾನು ಮಗಳನ್ನು ಕಳೆದುಕೊಂಡು ನಿಂತೆ. ಆ ದಿನ ಊರಿಗೆ ಶಾಪ ಹಾಕುತ್ತಾ ಹಾಕುತ್ತಾ ನನ್ನ ಗಂಟಲು ಕಟ್ಟಿಹೋಯಿತು.

ಆಮೇಲೆ ನಡೆದದ್ದು ನಮ್ಮೂರಿನವರ ಜಾಯಮಾನಕ್ಕೆ ತಕ್ಕಂತೆಯೇ ಇತ್ತು. ಯಾರೂ ಏನೂ ಒಪ್ಪಲಿಲ್ಲ. ಆದರೆ ಊರೊಳಗಿನ ಸಿಹಿಬಾವಿಯ ಹತ್ತಿರ ಬೆಳಿಗ್ಗೆ ಹೆಂಗಸರ ಸಾಲು ಉದ್ದವಾಯಿತು. ತಾಮ್ರದ ಚೆಂಬುಗಳು ಹುಣಸೆಹಣ್ಣು ಕಂಡು ಹೊಳೆಯತೊಡಗಿದವು. ಕಡಲಕೊಳದಿಂದ ನೀರು ಹೊತ್ತು ಬರುವವರು ಅದನ್ನು ದಾರಿಯಲ್ಲೇ ಚೆಲ್ಲಿ, ಖಾಲಿ ಕೊಡದಲ್ಲಿ ಮನೆ ಸೇರುತ್ತಿದ್ದರು. ಎರಡು ತಿಂಗಳಲ್ಲಿ 'ಸತ್ತಿದೆ' ಎಂಬ ಮಾತು ಯಾವ ಮನೆಯಲ್ಲೂ ಕೇಳಲಿಲ್ಲ. ಬೆಳ್ಳಗಾಗಿದ್ದ ಹವಳಗಳಿಗೆ ಬಣ್ಣ ಬಂತು. ನಮ್ಮನ್ನು ಮಾತ್ರ ಯಾರೂ ಒಳಗೆ ಕರೆಯಲಿಲ್ಲ. ಮೈಲಿಗೆಯವಳು ಹೇಳಿಕೊಟ್ಟದ್ದು ಬೇಕು, ಮೈಲಿಗೆಯವಳು ಬೇಡ.

ಮೂರನೆಯ ತಿಂಗಳು ಗುರಿಕಾರ ಮೆಟ್ಟಿಲ ಬಳಿ ಬಂದು, "ನೀನು ಬರಬಹುದು. ಸಿಹಿನೀರಿನ ವಿಷಯ ನಮ್ಮ ದೊಡ್ಡಮನೆಯವರು ನಿನಗೆ ಕಲಿಸಿದ್ದು ಅಂತ ಒಂದು ಮಾತು ಹೇಳಿದ್ರೆ ಸಾಕು" ಎಂದ.

"ನಿನ್ನ ಅಮ್ಮ ಆ ಚೆಂಬು ಹಿಡ್ಕೊಂಡು ಇಲ್ಲಿಗೆ ಬರ್ಲಿ" ಎಂದೆ. "ಎಲ್ಲರ ಎದುರು ಸುರೀಲಿ. ಹನ್ನೊಂದು ಮಂದಿಗೂ ಬಾಗಿಲು ತೆರೀಲಿ. ಅದಾಗದೆ ಇದ್ರೆ ನಾನು ಈ ದೋಣಿಯಲ್ಲೇ ಸಾಯ್ತೇನೆ, ನನ್ನ ಹೆಣವನ್ನೂ ನೀನೇ ಹೊರಬೇಕು."

ಹತ್ತು ದಿನಕ್ಕೆ ಬಂದರು ಸುಭದ್ರಮ್ಮ. ಮೆಟ್ಟಿಲು ಇಳಿಯಲು ಕಷ್ಟಪಟ್ಟರು, ನಾನು ಕೈ ಕೊಡಲಿಲ್ಲ. ಊರು ಮೇಲೆ ನಿಂತಿತ್ತು. ಹೊಳೆಯುವ ಚೆಂಬನ್ನು ಬಗ್ಗಿಸಿ ನನ್ನ ಕಡಲಿಗೆ ನೀರು ಬಿಟ್ಟರು. "ನಮ್ಮದಕ್ಕೂ ಇದೇ ನೀರು. ಇಪ್ಪತ್ತಮೂರು ವರ್ಷದಿಂದ ಇದೇ" ಎಂದರು, ಎಲ್ಲರಿಗೂ ಕೇಳುವ ಹಾಗೆ. ಭಾಗಿಯಕ್ಕ ಅವರ ಕೈಯಿಂದ ಚೆಂಬು ಕಿತ್ತುಕೊಂಡಳು. ಹೊಡೆಯುತ್ತಾಳೆ ಎಂದುಕೊಂಡೆವು. ಅವಳು ಅದರೊಳಗೆ ಬಗ್ಗಿ ನೋಡಿ, ಉಳಿದಿದ್ದ ಒಂದು ಗುಟುಕನ್ನು ಕುಡಿದು, ಚೆಂಬನ್ನು ಮರಳಿಗೆ ಎಸೆದಳು. ಅಲ್ಲಿಂದ ನೆಟ್ಟಗೆ ಮೆಟ್ಟಿಲು ಹತ್ತಿ, ಗುಂಪನ್ನು ಸೀಳಿಕೊಂಡು ಮಗನ ಮನೆಯ ಕಡೆಗೆ ಹೋದಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು, ಯಾರೂ ತಡೆಯಲಿಲ್ಲ.

ನಾನು ಹಮ್ಮಣ್ಣನ ಮನೆಗೆ ಹೋಗಲಿಲ್ಲ. ಈ ದೋಣಿ ನನಗೆ ಒಗ್ಗಿದೆ. ತುಳಸು ಪುಸ್ತಕದ ಚೀಲ ಹಿಡಿದು ಅವತ್ತೇ ಇಳಿದು ಬಂದಳು, ಈಗ ನನ್ನ ಹತ್ತಿರವೇ ಇದ್ದಾಳೆ. ಅವಳ ಬೆರಳ ಸಂದಿಗೆ ತೆಂಗಿನೆಣ್ಣೆ ಹಚ್ಚಿ ಹಚ್ಚಿ ಈಗ ಗಾಯ ಮಾಗಿದೆ. ಮೊನ್ನೆ ಸಂಜೆ ಗುಂಡಿಹವಳಗಳನ್ನು ಎಣಿಸುತ್ತಾ ಕೂತಿದ್ದವಳು, ಅತ್ತೆ ಕಳಿಸಿದ ಹೋಳಿಗೆಯ ಡಬ್ಬಿಯನ್ನು ನಾನು ಮುಚ್ಚಳವನ್ನೂ ತೆಗೆಯದೆ ವಾಪಸು ಕಳಿಸಿದ್ದನ್ನು ನೋಡಿದಳು.

"ಅಮ್ಮ, ಎಲ್ಲ ಸರಿ ಆಯ್ತಲ್ಲ. ನಿನ್ನ ಸಿಟ್ಟು ಇನ್ನೂ ಹೋಗ್ಲಿಲ್ವಾ?"

"ನೀರೆಲ್ಲ ಹೋಯ್ತು ಮಗಾ" ಎಂದೆ. "ಉಪ್ಪುಂಟು."

ಅವಳು ಗಾಜಿನ ಮೇಲಿನ ಇದ್ದಿಲ ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಎದ್ದು ಬಾವಿಗೆ ಹೋಗಿ ಒಂದು ಚೆಂಬು ನೀರು ತಂದು ನನ್ನ ಮುಂದೆ ಹಿಡಿದಳು.

"ಕುಡಿ" ಎಂದಳು.

ಕುಡಿದೆ.